ಮೊದಲು ಯಾರು ಊದಬೇಕು?

ಕಾರ್ಖಾನೆಯ ಗೇಟಿಗೆ ‘ಡ್ರಗ್ ಫ್ರೀ ವರ್ಕ್‌ಪ್ಲೇಸ್’ ಎಂಬ ಬೋರ್ಡು ಬಂದ ವಾರ, ಮೋಲ್ಡಿಂಗ್ ವಿಭಾಗದ ಹುಡುಗನೊಬ್ಬ ನನ್ನ ಕೋಣೆಯ ಬಾಗಿಲಲ್ಲಿ ಇಣುಕಿ, “ಮೇಡಂ, ಫ್ರೀ ಅಂತ ಹಾಕಿದೀರಲ್ಲ, ಯಾವ ಕೌಂಟರಲ್ಲಿ ಕೊಡ್ತಾರೆ?” ಎಂದು ಕೇಳಿದ. ಹಿಂದೆ ನಿಂತಿದ್ದ ನಾಲ್ಕು ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮಾರನೇ ದಿನ ಪೇಂಟರನ್ನು ಕರೆಸಿ ‘ಮಾದಕವಸ್ತು ಮುಕ್ತ ಕಾರ್ಯಸ್ಥಳ’ ಎಂದು ಬರೆಸಿದೆ. ಅದನ್ನು ಓದಿ ಯಾರೂ ನಗಲಿಲ್ಲ. ಯಾರಾದರೂ ಓದಿದರೋ ಇಲ್ಲವೋ ಎಂಬುದೇ ಅನುಮಾನ.

ಪೀಣ್ಯದ ಒಂದು ರಬ್ಬರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಕಲ್ಯಾಣಾಧಿಕಾರಿಯಾಗಿದ್ದೆ. 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಇಂಥ ಅಧಿಕಾರಿ ಇರಲೇಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಕಾಯ್ದೆ ಹೇಳದೇ ಇದ್ದಿದ್ದರೆ ನನ್ನನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಎಂ.ಡಿ.ಯವರಿಗೂ ಗೊತ್ತಿತ್ತು. ಕ್ಯಾಂಟೀನಿನ ಸಾಂಬಾರು, ಶೌಚಾಲಯದ ನಲ್ಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೆಲಸಗಾರರ ಮಕ್ಕಳ ನೋಟ್‌ಬುಕ್ಕು, ಇವೆಲ್ಲ ನನ್ನ ಇಲಾಖೆ. ಕುಡಿತ ನನ್ನ ಇಲಾಖೆಗೆ ಬಂದದ್ದು ಅಮೆರಿಕದಿಂದ.

ನಮ್ಮ ಬುಷ್‌ಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಕೊಳ್ಳುತ್ತಿದ್ದ ಅಲ್ಲಿಯ ಒಂದು ಕಂಪನಿ, ತನಗೆ ಮಾಲು ಕೊಡುವವರೆಲ್ಲ ಇಂಥದೊಂದು ಕಾರ್ಯಕ್ರಮ ನಡೆಸಬೇಕೆಂದು ಮಾದರಿ ಕಾಗದ ಕಳಿಸಿತ್ತು. ಕೋಕೇನ್, ಗಾಂಜಾ, ಪಿಸಿಪಿ ಎಂದು ಪಟ್ಟಿಯಿತ್ತು. ಪಿಸಿಪಿ ಏನೆಂದು ಕಾರ್ಖಾನೆಗೆ ವಾರಕ್ಕೆರಡು ಸಲ ಬರುತ್ತಿದ್ದ ಡಾಕ್ಟರನ್ನು ಕೇಳಿದೆ. “ನಾನೂ ಪರೀಕ್ಷೆಗೆ ಓದಿದ್ದಷ್ಟೇ, ಪೀಣ್ಯದಲ್ಲಿ ನೋಡಿಲ್ಲ” ಎಂದರು. ಪೀಣ್ಯದಲ್ಲಿ ಎಲ್ಲರೂ ನೋಡಿದ್ದ ವಸ್ತು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಅದಕ್ಕೂ ಕಾರಣವಿದೆ. ಆ ಕಾಗದದ ಮೂಲ 1988ರ ಅಮೆರಿಕದ ಕಾಯ್ದೆ. ಅದಕ್ಕೆ ಎರಡು ವರ್ಷ ಮೊದಲು, 1986ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ರೇಗನ್ ತಮ್ಮ ಸರ್ಕಾರದ ಕಚೇರಿಗಳಿಗೆ ಇಂಥದೇ ಆದೇಶ ಹೊರಡಿಸಿದ್ದರು. 1988ರ ಕಾಯ್ದೆ ಸರ್ಕಾರದ ಗುತ್ತಿಗೆ, ಅನುದಾನ ಪಡೆಯುವವರಿಗೆ. ಮಾಲೀಕ ತನ್ನ ನೀತಿಯನ್ನು ಬರೆದು ಪ್ರತಿ ಕೆಲಸಗಾರನ ಕೈಗೂ ಕೊಡಬೇಕು, ತಿಳಿವಳಿಕೆ ಕಾರ್ಯಕ್ರಮ ನಡೆಸಬೇಕು. ಕೆಲಸದ ಜಾಗದಲ್ಲಿ ನಡೆದ ಮಾದಕವಸ್ತು ಅಪರಾಧಕ್ಕೆ ಶಿಕ್ಷೆಯಾದರೆ ಕೆಲಸಗಾರ ಅದನ್ನು 5 ದಿನದೊಳಗೆ ಮಾಲೀಕನಿಗೆ ತಿಳಿಸಬೇಕು. ಆಮೇಲೆ 30 ದಿನದೊಳಗೆ ಮಾಲೀಕ ಒಂದೋ ಶಿಸ್ತುಕ್ರಮ ಕೈಗೊಳ್ಳಬೇಕು, ಇಲ್ಲವೇ ಆತ ಚಿಕಿತ್ಸೆಗೆ ಹೋಗುವಂತೆ ಮಾಡಬೇಕು. ಎರಡು ಸಂಗತಿ ನನಗೆ ಆಶ್ಚರ್ಯ ತಂದವು. ಆ ಕಾಯ್ದೆ ಯಾರನ್ನೂ ಪರೀಕ್ಷೆ ಮಾಡಿ ಎಂದು ಹೇಳುವುದಿಲ್ಲ. ಮತ್ತು ಅದು ನಿಯಂತ್ರಿತ ಮಾದಕವಸ್ತುಗಳ ಮಾತಷ್ಟೇ ಆಡುತ್ತದೆ. ಅಂಗಡಿಯಲ್ಲಿ ಕಾನೂನುಬದ್ಧವಾಗಿ ಸಿಗುವ ಹೆಂಡದ ಮಾತೆತ್ತುವುದಿಲ್ಲ. ಅಂದರೆ ಆ ಕಾಗದಕ್ಕೆ ಸಹಿ ಹಾಕಿ ಫೈಲು ಮಾಡಿ ಸುಮ್ಮನಿದ್ದಿದ್ದರೆ ಕೊಳ್ಳುವವರಿಗೂ ಸಮಾಧಾನ, ನಮಗೂ ಸಮಾಧಾನ. ಪೀಣ್ಯದಲ್ಲಿ ಬಹಳ ಕಾರ್ಖಾನೆಗಳ ಬಹಳ ಫೈಲುಗಳು ಹಾಗೆಯೇ ತಯಾರಾಗುತ್ತವೆ.

ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮಪ್ಪ ಜವಳಿ ಗಿರಣಿಯಲ್ಲಿದ್ದವರು. ಸಂಬಳದ ದಿನ ಅಮ್ಮ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಗಿರಣಿಯ ಗೇಟಿಗೆ ಹೋಗುತ್ತಿದ್ದಳು. ಅಲ್ಲಿ ಹಾಗೆ ನಿಂತ ಹೆಂಗಸರ ಸಾಲೇ ಇರುತ್ತಿತ್ತು. ಅಪ್ಪ ಹೊರಗೆ ಬಂದರೆ ಅಮ್ಮ ಮಾತಾಡುತ್ತಿರಲಿಲ್ಲ, ಕೈ ಚಾಚುತ್ತಿದ್ದಳು ಅಷ್ಟೇ. ಗೇಟಿನ ಈ ಕಡೆ ಅಮ್ಮ, ರಸ್ತೆಯ ಆ ಕಡೆ ಸಾರಾಯಿ ಅಂಗಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಂಗಡಿಯ ಹೆಸರು ಬದಲಾಯಿತು, ಪ್ಯಾಕೆಟ್ಟಿನ ಬಣ್ಣ ಬದಲಾಯಿತು, ರೇಟು ಏರಿತು. ನಮ್ಮ ಕಾರ್ಖಾನೆಯಲ್ಲಿ ಸಂಬಳ 7ನೇ ತಾರೀಖಿನೊಳಗೆ. 8ರಂದು ಗೈರುಹಾಜರಿ ಎಷ್ಟಿರುತ್ತದೆ ಎಂಬುದನ್ನು ಯಾವ ಸಮೀಕ್ಷೆಯೂ ಇಲ್ಲದೆ ಟೈಮ್ ಆಫೀಸಿನ ಗುಮಾಸ್ತರು ಬಾಯಲ್ಲೇ ಹೇಳುತ್ತಿದ್ದರು.

ಎಂ.ಡಿ.ಗೆ ಕಾಗದ ಓದಿ ಹೇಳಿದಾಗ ಅವರ ಮೊದಲ ಮಾತು, “ಒಂದು ಮೆಷಿನ್ ತರಿಸಿಬಿಡೋಣ, ಗೇಟಲ್ಲಿ ಊದಿಸೋಣ.” ಯೂನಿಯನ್ ಅಧ್ಯಕ್ಷರಿಗೆ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಮೀಸೆ ತಿರುವಿ, “ಆಗಲಿ ಮೇಡಂ. ಆದ್ರೆ ಮೊದಲು ಯಾರು ಊದಬೇಕು?” ಎಂದರು.

ಈ ಒಂದು ಪ್ರಶ್ನೆಯ ಮೇಲೆ ನಮ್ಮ ಮಾತುಕತೆ ಮೂರು ತಿಂಗಳು ನಡೆಯಿತು. ಕೆಲಸಗಾರ ಗೇಟಿನಲ್ಲಿ ಊದಬೇಕು, ಮ್ಯಾನೇಜರು ಕಾರಿನಲ್ಲಿ ಕೂತೇ ಒಳಗೆ ಹೋಗಬೇಕು ಎಂದರೆ ಅದು ಸುರಕ್ಷತೆಯಲ್ಲ, ಜಾತಿ ಎಂದು ಅಧ್ಯಕ್ಷರು ಹೇಳಿದರು. ಡೀಲರುಗಳಿಗೆ ಕೊಡುವ ಪಾರ್ಟಿಗಳಲ್ಲಿ ಏನು ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಾಟಲಿ ಇಳಿಸುತ್ತಿದ್ದವರು ಅವರದೇ ಸದಸ್ಯರು. ವಿಮಾನದ ಕ್ಯಾಪ್ಟನ್ ಊದಿಯೇ ಹತ್ತಬೇಕೆಂಬ ನಿಯಮ ನಮ್ಮ ದೇಶದಲ್ಲಿ ಇದೆ, ಅವನ ಸಂಬಳದ ಮುಂದೆ ನಮ್ಮ ಮ್ಯಾನೇಜರ್ ಯಾವ ಲೆಕ್ಕ ಎಂದು ನಾನು ಎಂ.ಡಿ.ಗೆ ಹೇಳಿದೆ. ಕೊನೆಗೆ ಚೀಟಿ ಎತ್ತುವ ಪದ್ಧತಿಗೆ ಎಲ್ಲರೂ ಒಪ್ಪಿದರು. ಎಲ್ಲರ ಟೋಕನ್ ನಂಬರುಗಳೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಎಂ.ಡಿ.ಗೆ ಟೋಕನ್ ಇಲ್ಲದ್ದರಿಂದ ಅವರಿಗೆ ‘1’ ಎಂದು ಕೊಟ್ಟೆವು. ಯೂನಿಯನ್ನಿನ ಒಬ್ಬರು, ಆಫೀಸಿನ ಒಬ್ಬರು ಇದ್ದಾಗಲೇ ಚೀಟಿ ಎತ್ತಬೇಕು. ನಾಲ್ಕನೇ ತಿಂಗಳು ‘1’ ಬಂತು. ಎಂ.ಡಿ. ಶರ್ಟಿನ ತೋಳು ಮಡಿಸಿಕೊಂಡು ಬಂದರು, ರಕ್ತ ಕೊಡಲು ಬಂದವರಂತೆ. ಊದಿದರು. ಸೊನ್ನೆ. ಕ್ಯಾಂಟೀನಿನಲ್ಲಿ ಆವತ್ತು ಅದೇ ಮಾತು. ಆ ಮೇಲೆ ಚೀಟಿ ಬಂದ ಯಾರೂ ನನ್ನೊಡನೆ ಜಗಳ ತೆಗೆಯಲಿಲ್ಲ.

ಆದರೆ ಮೆಷಿನ್ ತಂದದ್ದು ಕಾರ್ಯಕ್ರಮ ಶುರುವಾಗಿ ಆರು ತಿಂಗಳಾದ ಮೇಲೆ. ಇದು ಡಾಕ್ಟರ ಹಟ, ನನ್ನದೂ ಹೌದು. ಹಿಂದೆ ನಾನು ಕೆಲಸ ಮಾಡಿದ ಇನ್ನೊಂದು ಕಾರ್ಖಾನೆಯಲ್ಲಿ ಆಡಳಿತದವರು ಒಂದು ಸೋಮವಾರ ಇದ್ದಕ್ಕಿದ್ದಂತೆ ಊದಿಸಲು ಶುರು ಮಾಡಿದ್ದರು. ನೌಕರಿ ಹೋಗುತ್ತದೆಂಬ ಭಯಕ್ಕೆ, ಹದಿನೈದು ವರ್ಷದಿಂದ ದಿನಾ ಕುಡಿಯುತ್ತಿದ್ದ ಫಿಟ್ಟರ್ ಒಬ್ಬ ಶನಿವಾರ ರಾತ್ರಿಯಿಂದಲೇ ನಿಲ್ಲಿಸಿಬಿಟ್ಟಿದ್ದ. ಸೋಮವಾರ ಊದಿದ, ಸೊನ್ನೆ ಬಂತು, ಒಳಗೆ ಹೋದ. ಹತ್ತು ಗಂಟೆಗೆ ಡ್ರಿಲ್ಲಿಂಗ್ ಮೆಷಿನ್ ಪಕ್ಕದಲ್ಲೇ ಅವನಿಗೆ ಫಿಟ್ಸ್ ಬಂತು. ಮೆಷಿನ್ನಿಗೆ ಸಿಗದೆ ಈಚೆ ಬಿದ್ದದ್ದು ಅವನ ಪುಣ್ಯ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ಒಂದೆರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಬರಬಹುದು, ಜೀವವೇ ಹೋಗಬಹುದು ಎಂದು ವೈದ್ಯರೆಲ್ಲರಿಗೂ ಗೊತ್ತು. ಮೆಷಿನ್ನಿಗೆ ಗೊತ್ತಿಲ್ಲ. ಅದರ ಪ್ರಕಾರ ಆವತ್ತು ಗೇಟಿನಲ್ಲಿ ಅವನಷ್ಟು ಸುರಕ್ಷಿತ ಮನುಷ್ಯ ಇನ್ನೊಬ್ಬನಿರಲಿಲ್ಲ.

ಹಾಗಾಗಿ ಈ ಕಾರ್ಖಾನೆಯಲ್ಲಿ ಆರು ತಿಂಗಳು ಬರೀ ಮಾತು. ತಾನಾಗಿ ಬಂದು ಹೇಳಿಕೊಂಡವನಿಗೆ ಮೆಮೊ ಇಲ್ಲ, ಆಸ್ಪತ್ರೆಗೆ ದಾರಿ, ಇ.ಎಸ್.ಐ. ಕಾಯಿಲೆ ರಜೆ. ಆ ರಜೆಯಲ್ಲಿ ಸಂಬಳದ ಶೇಕಡಾ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಕುಡಿತ ಬಿಡಿಸುವುದಕ್ಕೆ ರಜೆ ಸಿಗುತ್ತದೆ ಎಂದು ಗೊತ್ತಾದಾಗ ಹಿಂದಿನ ಬೆಂಚಿನಿಂದ ಯಾರೋ “ಕಲಿಯೋಕೂ ಕೊಡ್ತಾರಾ?” ಎಂದರು. ಇಂಥವನೊಬ್ಬ ಪ್ರತಿ ಸಭೆಯಲ್ಲೂ ಇರಬೇಕು, ಇಲ್ಲದಿದ್ದರೆ ಜನ ನಿದ್ದೆ ಮಾಡುತ್ತಾರೆ.

ಮೆಷಿನ್ನಿನ ಬಗ್ಗೆಯೂ ಆಗಲೇ ಹೇಳಿದೆವು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ದೇಹ ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂನಷ್ಟು ಕರಗಿಸುತ್ತದೆ. ಮಧ್ಯರಾತ್ರಿ 150 ಇದ್ದವನಲ್ಲಿ ಬೆಳಿಗ್ಗೆ 6ರ ಮೊದಲ ಶಿಫ್ಟಿಗೆ ಇನ್ನೂ 60 ಉಳಿದಿರುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು, ಕಾಫಿ ಯಾವುದೂ ಆ ಗಡಿಯಾರವನ್ನು ಮುಂದೆ ತಳ್ಳುವುದಿಲ್ಲ. “ನಾನು ನಿನ್ನೆ ಕುಡಿದದ್ದು, ಇವತ್ತಲ್ಲ” ಎಂಬುದು ಹೆಚ್ಚಿನವರ ಪ್ರಾಮಾಣಿಕ ವಾದವಾಗಿತ್ತು. ಹಾಗೆಯೇ ಆಯುರ್ವೇದದ ಅರಿಷ್ಟ ಕುಡಿದು ಬಂದವನ ಬಾಯಲ್ಲೂ ಮದ್ಯ ತೋರಿಸುತ್ತದೆ. ಅರಿಷ್ಟ, ಆಸವಗಳು ಹುದುಗಿ ಬರುವ ಔಷಧಿಗಳು. ಅಂಥವನನ್ನು ಬಾಯಿ ಮುಕ್ಕಳಿಸಿಸಿ ಕಾಲು ಗಂಟೆ ಕೂರಿಸಿ ಮತ್ತೆ ಊದಿಸಬೇಕು. ಆ ಕಾಲು ಗಂಟೆ ಅವನ ಮರ್ಯಾದೆ ಯಾರ ಕೈಯಲ್ಲಿರುತ್ತದೆ ಎಂಬುದು ಮುಖ್ಯ. ಆದ್ದರಿಂದ ಊದಿಸುವ ಜಾಗವನ್ನು ಗೇಟಿನಿಂದ ಪ್ರಥಮ ಚಿಕಿತ್ಸೆಯ ಕೋಣೆಗೆ ಬದಲಾಯಿಸಿದೆವು. ಅಲ್ಲಿಗೆ ಹೋದವನು ಕೈಗೆ ಬ್ಯಾಂಡೇಜು ಕಟ್ಟಿಸಲು ಹೋದನೋ ಊದಲು ಹೋದನೋ ಹೊರಗಿನವರಿಗೆ ತಿಳಿಯುವುದಿಲ್ಲ.

ಕಷ್ಟವಾದದ್ದು ಸೂಪರ್‌ವೈಸರುಗಳನ್ನು ತಯಾರು ಮಾಡುವುದು. ಅವರಲ್ಲಿ ಅರ್ಧ ಜನ ಕುಡುಕರನ್ನು ಕಂಡರೆ ಸಿಡಿಯುವವರು. ಇನ್ನರ್ಧ ಜನ ಮುಚ್ಚಿಡುವವರು. ಈ ಎರಡನೆಯವರು ಒಳ್ಳೆಯವರು, ಆದರೆ ಅವರಿಂದಲೇ ಹೆಚ್ಚು ಹಾನಿ. “ಪಾಪ, ಮೂರು ಹೆಣ್ಮಕ್ಳು ಸಾರ್ ಅವನಿಗೆ” ಎಂದು ಹಾಜರಿ ಹಾಕಿ ಗೋದಾಮಿನ ಮೂಲೆಯಲ್ಲಿ ಮಲಗಿಸುತ್ತಾರೆ, ಕೈಸಾಲ ಕೊಡುತ್ತಾರೆ. ಇಬ್ಬರಿಗೂ ನಾನು ಹೇಳಿದ್ದು, ನೀವು ಡಾಕ್ಟರಲ್ಲ, ಪೊಲೀಸೂ ಅಲ್ಲ. ಕಂಡದ್ದನ್ನಷ್ಟೇ ಬರೆಯಿರಿ ಎಂದು. ಎಷ್ಟು ಸೋಮವಾರ ಬರಲಿಲ್ಲ, ಎಷ್ಟು ಪೀಸು ಕೆಟ್ಟಿತು, ವರ್ನಿಯರ್ ಹಿಡಿದ ಕೈ ನಡುಗಿತೋ ಇಲ್ಲವೋ. ‘ಕುಡಿದಿದ್ದ’ ಎಂಬ ಶಬ್ದ ಆ ಹಾಳೆಯಲ್ಲಿ ಬರಬಾರದು. ಹೀಗೆ ಬರೆಯಲು ಕಲಿಸುವುದಕ್ಕೆ ಒಂದು ವರ್ಷ ಹಿಡಿಯಿತು. ಕತೆ ಬರೆಯುವವರಿಗೂ ಈ ಪಾಠ ಒಗ್ಗುತ್ತದೇನೋ, ನನಗೆ ಗೊತ್ತಿಲ್ಲ.

ಆ ಹಾಳೆಗಳನ್ನು ಓದುತ್ತಾ ಹೋದಾಗ ಎಂ.ಡಿ.ಗೆ ರುಚಿಸದ ಒಂದು ಸಂಗತಿ ಹೊರಬಿತ್ತು. ಬಾಂಡಿಂಗ್ ವಿಭಾಗದ ಹುಡುಗರ ಬಗ್ಗೆ ‘ಮಂಕಾಗಿದ್ದ’, ‘ಸುಮ್ಮಸುಮ್ಮನೆ ನಗುತ್ತಿದ್ದ’ ಎಂಬ ಟಿಪ್ಪಣಿಗಳು ಮಧ್ಯಾಹ್ನದ ನಂತರವೇ ಹೆಚ್ಚು. ಅವರಲ್ಲಿ ಕುಡಿಯುವವರು ಕಡಿಮೆ. ರಬ್ಬರನ್ನು ಲೋಹಕ್ಕೆ ಅಂಟಿಸುವ ದ್ರಾವಣದಲ್ಲಿ ಟಾಲ್ವಿನ್ ಇತ್ತು, ಅಲ್ಲಿಯ ಎರಡು ಎಕ್ಸಾಸ್ಟ್ ಫ್ಯಾನುಗಳಲ್ಲಿ ಒಂದು ಕೆಟ್ಟು ಕೂತಿತ್ತು. ಟಾಲ್ವಿನ್ ಆವಿ ತಲೆಗೇರುತ್ತದೆ. ಕೆಲವು ಹುಡುಗರಿಗೆ ಆ ವಾಸನೆ ಬೇಕೇ ಬೇಕು ಎನಿಸತೊಡಗಿತ್ತು. ಮಾದಕವಸ್ತು ಮುಕ್ತ ಕಾರ್ಯಸ್ಥಳದಲ್ಲಿ ಮಾದಕವನ್ನು ಕಂಪನಿಯೇ ಡ್ರಮ್ಮುಗಟ್ಟಲೆ ತರಿಸುತ್ತಿತ್ತು, ಬಿಲ್ಲು ಸಮೇತ. ಫ್ಯಾನು ಹಾಕಿಸುವ ಖರ್ಚನ್ನು ನಾನು ಈ ಕಾರ್ಯಕ್ರಮದ ಲೆಕ್ಕದಲ್ಲೇ ಬರೆದೆ. ಲೆಕ್ಕಪತ್ರದವರು ಒಪ್ಪಲಿಲ್ಲ. ಫ್ಯಾನು ತಿರುಗಿತು, ಸಾಕು.

ಈ ಕೆಲಸದ ನಡುವೆಯೇ ರಬ್ಬರಿಗೂ ಕುಡಿತಕ್ಕೂ ಇರುವ ಹಳೆಯ ನಂಟು ನನಗೆ ಗೊತ್ತಾದದ್ದು. ಮಿಕ್ಸಿಂಗ್ ವಿಭಾಗದ ಹಿರಿಯರೊಬ್ಬರು ಒಮ್ಮೆ, “ಈ ಡಿಪಾರ್ಟ್‌ಮೆಂಟಿಗೆ ಬಂದ್ಮೇಲೆ ನಂಗೆ ಎಣ್ಣೆ ಒಗ್ಗಲ್ಲ ಮೇಡಂ, ಒಂದು ಪೆಗ್ಗಿಗೇ ಮುಖ ಕೆಂಪಗಾಗಿ ಎದೆ ಡವಡವ ಅಂತದೆ” ಎಂದಿದ್ದರು. ವಯಸ್ಸಾಯಿತು ಎಂದುಕೊಂಡಿದ್ದೆ. ಡಾಕ್ಟರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದರು. ರಬ್ಬರ್ ಬೇಗ ಬೇಯಲೆಂದು ಬೆರೆಸುವ ಥೈಯುರಾಮ್ ಎಂಬ ಪುಡಿಗಳಿವೆ. 1937ರಲ್ಲಿ ಅಮೆರಿಕದ ಒಂದು ರಬ್ಬರ್ ಕಾರ್ಖಾನೆಯ ವೈದ್ಯ, ವಿಲಿಯಮ್ಸ್ ಎಂಬುವರು, ಈ ಪುಡಿಯಲ್ಲಿ ಕೆಲಸ ಮಾಡುವವರಿಗೆ ಮದ್ಯ ಸಹಿಸಲಾಗುವುದಿಲ್ಲ ಎಂದು ಬರೆದಿದ್ದರಂತೆ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬಿಬ್ಬರು ಅದೇ ಕುಟುಂಬದ ಡೈಸಲ್ಫಿರಾಮನ್ನು ಬೇರೊಂದು ಕಾಯಿಲೆಗೆ ಔಷಧವಾದೀತೇ ಎಂದು ತಮ್ಮ ಮೇಲೇ ಪ್ರಯೋಗಿಸಿಕೊಳ್ಳುತ್ತಿದ್ದಾಗ ಇದೇ ಅನುಭವಕ್ಕೆ ಸಿಕ್ಕರು. 1948ರಲ್ಲಿ ಅದನ್ನು ಕುಡಿತ ಬಿಡಿಸುವ ಮಾತ್ರೆಯಾಗಿ ಜಗತ್ತಿಗೆ ಕೊಟ್ಟರು. ಇವತ್ತಿಗೂ ಅದೇ ಮಾತ್ರೆಯನ್ನು ಬರೆದುಕೊಡುತ್ತಾರೆ.

ಇನ್ನೊಂದಿದೆ. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿದ್ದು ಓಹಾಯೋದ ಆಕ್ರನ್ ಪಟ್ಟಣದಲ್ಲಿ. ಅದು ಟಯರುಗಳ ಊರು, ಗುಡ್‌ಇಯರ್, ಫೈರ್‌ಸ್ಟೋನ್‌ಗಳ ಊರು. ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದದ್ದು ರಬ್ಬರ್ ಯಂತ್ರ ಮಾಡುವ ಒಂದು ಕಂಪನಿಯ ಹಿಡಿತಕ್ಕಾಗಿ ನಡೆದ ಜಗಳಕ್ಕೆ. ಜಗಳ ಸೋತ. ಹೋಟೆಲಿನಲ್ಲಿ ಬಾರಿನ ಸದ್ದು ಕೇಳುತ್ತಾ ನಿಂತವನು ಒಳಗೆ ಹೋಗದೆ, ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕೆಂದು ಟೆಲಿಫೋನು ಮಾಡತೊಡಗಿದ. ಗುಡ್‌ಇಯರ್ ಸ್ಥಾಪಕನ ಸೊಸೆ ಅವನನ್ನು ಬಾಬ್ ಸ್ಮಿತ್ ಎಂಬ ಸರ್ಜನ್‌ಗೆ ಭೇಟಿ ಮಾಡಿಸಿದಳು. ಸ್ಮಿತ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಆ ಸಂಸ್ಥೆಯ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಇದನ್ನು ನಾನು ಮಿಕ್ಸಿಂಗ್ ವಿಭಾಗದವರಿಗೆ ಹೇಳಿದೆ. ಮೈಯೆಲ್ಲ ಕಾರ್ಬನ್ ಮೆತ್ತಿಕೊಂಡು ಕೂತಿದ್ದ ಅವರು ತಮ್ಮ ಮನೆತನದ ಕತೆ ಕೇಳುವವರ ಹಾಗೆ ಕೇಳಿದರು.

ಡೈಸಲ್ಫಿರಾಮಿನ ವಿಷಯ ಹೆಂಡತಿಯರಿಗೂ ತಿಳಿಯಿತು. ಒಬ್ಬಾಕೆ ಬಂದು, “ಅಕ್ಕಾ, ಆ ಮಾತ್ರೆ ನಂಗೊಂದಿಷ್ಟು ಕೊಡ್ಸಿ, ಸಾರಲ್ಲಿ ಹಾಕ್ಬಿಡ್ತೀನಿ” ಎಂದಳು. ಗಂಡನಿಗೆ ಗೊತ್ತಿಲ್ಲದೆ ಹಾಕಿದರೆ ಕುಡಿದ ದಿನ ರಕ್ತದೊತ್ತಡ ಇಳಿದು ಸತ್ತೇ ಹೋಗಬಹುದು ಎಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತು ನನಗೆ ಭಯವಾಯಿತು.

ಆಕೆಯ ಗಂಡ ಮಿಕ್ಸಿಂಗ್ ಮಿಲ್ಲಿನ ಆಪರೇಟರ್, ಮಾಗಡಿ ಕಡೆಯವನು. ಎರಡು ಉಕ್ಕಿನ ಉರುಳೆಗಳು ಎದುರುಬದುರು ತಿರುಗುವ ಮಿಲ್ಲು ಅದು; ರಬ್ಬರ್ ಹಾಳೆಯ ಜೊತೆ ಬೆರಳು ಒಳಗೆ ಹೋದರೆ ಉಳಿದದ್ದೂ ಹಿಂದೆಯೇ ಹೋಗುತ್ತದೆ. ಕೆಲಸದಲ್ಲಿ ಅವನಷ್ಟು ನುರಿತವನು ಇನ್ನೊಬ್ಬನಿರಲಿಲ್ಲ, ಅದಕ್ಕೇ ಎಲ್ಲರೂ ಅವನನ್ನು ಮುಚ್ಚಿಟ್ಟಿದ್ದರು. ಆಕೆ ಬಂದುಹೋದ ವಾರಕ್ಕೆ ಅವನೇ ಬಂದ. “ಹೇಳ್ಕೊಂಡ್ರೆ ಮೆಮೊ ಇಲ್ಲ ಅಂದಿದ್ರಿ” ಎಂದ. ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ನಾನೇ ಕರೆದುಕೊಂಡು ಹೋದೆ. ಮೂರು ವಾರ ಒಳರೋಗಿ. ಬಂದಮೇಲೆ ಮಿಲ್ಲಿಗೆ ಹಾಕಲಿಲ್ಲ, ತೂಕದ ವಿಭಾಗಕ್ಕೆ ಹಾಕಿದೆವು. ಹನ್ನೊಂದು ತಿಂಗಳು ಚೆನ್ನಾಗಿದ್ದ. ಊರ ಹಬ್ಬಕ್ಕೆ ಹೋಗಿ ಬಂದವನು ಮತ್ತೆ ಶುರು ಮಾಡಿದ. ಚೀಟಿಯಲ್ಲಿ ಅವನ ನಂಬರು ಬಂತು, ಊದಿದ, 92 ತೋರಿಸಿತು.

ನೀತಿಯ ಪ್ರಕಾರ ಮೊದಲ ಸಲ ಚಿಕಿತ್ಸೆ, ಎರಡನೇ ಸಲ ವಿಚಾರಣೆ. ತಾನಾಗಿ ಬಂದದ್ದು ‘ಮೊದಲ ಸಲ’ ಎಂದು ಎಣಿಕೆಯಾಗುತ್ತದೋ ಇಲ್ಲವೋ? ಆಡಳಿತದವರು ಆಗುತ್ತದೆ ಎಂದರು. ಅದನ್ನು ಸಾಬೀತು ಮಾಡಲು ಅವನ ಚಿಕಿತ್ಸೆಯ ಫೈಲು ಕೇಳಿದರು. ನಾನು ಕೊಡಲಿಲ್ಲ. ಬೀರುವಿನ ಬೀಗದ ಕೈ ನನ್ನ ಚೀಲದಲ್ಲಿತ್ತು. ಹೇಳಿಕೊಂಡದ್ದನ್ನೇ ಹಗ್ಗ ಮಾಡಿದರೆ ನಾಳೆಯಿಂದ ಆ ಬಾಗಿಲಿಗೆ ಒಬ್ಬನೂ ಬರುವುದಿಲ್ಲ, ನೀವು ಮೆಷಿನ್ ಒಂದನ್ನೇ ಇಟ್ಟುಕೊಳ್ಳಿ ಎಂದೆ. ನನಗೆ ಮೆಮೊ ಬಂತು. ನಿವೃತ್ತಿಗೆ ಇನ್ನೂ ಹತ್ತು ವರ್ಷ, ಮನೆ ಸಾಲದ ಕಂತು ಅರ್ಧ ಕಟ್ಟಿದ್ದೆ; ರಾತ್ರಿ ನಿದ್ದೆ ಬರಲಿಲ್ಲ ಎಂಬುದು ನಿಜ. ಆಗ ನನ್ನ ಬೆಂಬಲಕ್ಕೆ ಇದ್ದದ್ದು ನಾನು ಕೊಟ್ಟ ಮಾತು ಮಾತ್ರ. ಮದ್ಯ, ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮನೋಸ್ಥಿತಿಗಳನ್ನೂ ಸೇರಿಸಿಕೊಂಡು, ಚಿಕಿತ್ಸೆಯ ಗುಟ್ಟು ಕಾಪಾಡುವುದು ರೋಗಿಯ ಹಕ್ಕು ಎಂದು ಹೇಳಿದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರಲ್ಲಿ.

ಯೂನಿಯನ್ ಅಧ್ಯಕ್ಷರು ವಿಚಾರಣೆಯಲ್ಲಿ ಒಂದೇ ಮಾತು ಹೇಳಿದರು: “ಈ ವರ್ಷ ಚೀಟಿ ಎತ್ತಿ ಹಿಡಿದದ್ದು ಇದೇ ಮೊದಲು. ಮಿಕ್ಕದ್ದು ನಮಗೆ ಗೊತ್ತಿಲ್ಲ, ನಿಮಗೂ ಗೊತ್ತಿರಬಾರದು.” ಎಂ.ಡಿ. ನನ್ನ ಮುಖ ನೋಡಿದರು. ಅವನನ್ನು ಮತ್ತೆ ಚಿಕಿತ್ಸೆಗೆ ಕಳಿಸಿದರು. ನನ್ನ ಮೆಮೊವನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ, ಮುಂದುವರಿಸಲೂ ಇಲ್ಲ. ಅದು ನನ್ನ ಕಡತದಲ್ಲಿ ಹಾಗೇ ಇತ್ತು.

ಅವನು ಆಮೇಲೂ ಒಮ್ಮೆ ಜಾರಿದ. ಮತ್ತೆ ಎದ್ದ. ಮಿಲ್ಲಿಗೆ ಮಾತ್ರ ಅವನನ್ನು ಯಾರೂ ವಾಪಸು ಹಾಕಲಿಲ್ಲ, ಅದರ ಬೇಸರ ಅವನಿಗೆ ಕೊನೆಯವರೆಗೂ ಇತ್ತು. “ಕೈಯಿ ಇದಾವೆ ಮೇಡಂ, ಕೆಲ್ಸ ಇಲ್ಲ” ಎನ್ನುತ್ತಿದ್ದ.

ನಾನು 2021ರಲ್ಲಿ ನಿವೃತ್ತಳಾದೆ. ಹೋದ ವರ್ಷ ಕಾರ್ಖಾನೆ ಬೇರೆಯವರ ಕೈಗೆ ಹೋಯಿತು. ನನ್ನ ಜಾಗಕ್ಕೆ ಬಂದ ಹುಡುಗಿ ಫೋನು ಮಾಡಿ, “ಅಮ್ಮಾ, ಆ ಬೀರುವಿನ ಫೈಲುಗಳನ್ನ ಹೊಸ ಆಡಳಿತದವರು ಕೇಳ್ತಿದಾರೆ. ಕಾರ್ಯಕ್ರಮ ಮುಂದುವರಿಸ್ತಾರಂತೆ, ಮೆಷಿನ್ ಹೊಸದು ತರ್ತಾರಂತೆ” ಎಂದಳು. ಹಳೆಯ ಮೆಷಿನ್ನಿಗೆ ಎರಡು ವರ್ಷದಿಂದ ಕ್ಯಾಲಿಬ್ರೇಷನ್ನೇ ಆಗಿರಲಿಲ್ಲವಂತೆ. ಅಷ್ಟು ದಿನ ಅದು ಏನು ತೋರಿಸಿತೋ ದೇವರೇ ಬಲ್ಲ. ಫೈಲು ಯಾರದೋ ಅವರನ್ನು ಕೇಳು, ಅವರು ಬರೆದುಕೊಟ್ಟರೆ ಮಾತ್ರ ಕೊಡು ಎಂದೆ. ಆಕೆ ಕಾಯ್ದೆಯ ಕಲಂ ಕೇಳಿದಳು. 23 ಎಂದೆ.

ಬೀರುವಿನಲ್ಲಿ ಇದ್ದದ್ದು 14 ಜನರ ಫೈಲು. ಆಕೆ ಒಬ್ಬೊಬ್ಬರಿಗೂ ಫೋನು ಮಾಡಿದಳು. 9 ಜನ ಬೇಡ ಎಂದರು, ಒಬ್ಬರು ಆಗಲಿ ಎಂದರು. ಮಾಗಡಿಯವನು ಬಂದು ತನ್ನದನ್ನು ತಾನೇ ತೆಗೆದುಕೊಂಡು ಹೋದ. ಒಬ್ಬರು ತೀರಿಕೊಂಡಿದ್ದಾರೆ. ಇನ್ನಿಬ್ಬರ ನಂಬರು ಬದಲಾಗಿದೆ, ವಿಳಾಸ ಸಿಕ್ಕಿಲ್ಲ, ಆಕೆ ಹುಡುಕುತ್ತಿದ್ದಾಳೆ.